ತಂಬಿಗೆ ನೀರು, ಒಂದು ಕಿಲೋ ಕುಂದಾ

ಬೆಳಗಾವಿಯ ಟಿಳಕವಾಡಿಯಲ್ಲಿ ಎರಡನೇ ರೈಲ್ವೆ ಗೇಟ್ ಬಿದ್ದಾಗ ಸ್ಕೂಟರ್ ಬಂದ್ ಮಾಡಿ ನಿಂತವರಿಗೆ ಎರಡೇ ದಾರಿ. ಗೂಡ್ಸ್ ಗಾಡಿಯ ಡಬ್ಬಿ ಎಣಿಸಬೇಕು, ಇಲ್ಲವೇ ವಿಕಿ ಕಾಕಾರ ಮಾತು ಕೇಳಬೇಕು. ಡಬ್ಬಿಗಳಾದರೂ ಒಂದು ಹಂತಕ್ಕೆ ಮುಗಿಯುತ್ತವೆ.

ಕಾಕಾರ ನಿಜವಾದ ಹೆಸರು ನಮ್ಮ ಓಣಿಯಲ್ಲಿ ಪೋಸ್ಟ್‌ಮನ್‌ಗೆ ಮಾತ್ರ ಗೊತ್ತು. ಸಹಕಾರಿ ಸೊಸೈಟಿಯೊಂದರಲ್ಲಿ ದುಡಿದು ನಿವೃತ್ತರಾದ ಮೇಲೆ ಅಲ್ಲಿನವರೇ ಕರೆದು ಡೈರೆಕ್ಟರ್ ಮಾಡಿದರು. ತಿಂಗಳಿಗೊಂದು ಮೀಟಿಂಗ್, ಉಳಿದ ಇಪ್ಪತ್ತೊಂಬತ್ತು ದಿನ ಖಾಲಿ. ಅಷ್ಟರಲ್ಲಿ ಮೊಮ್ಮಗಳು ಹಳೆಯ ಲ್ಯಾಪ್‌ಟಾಪ್ ಬಿಟ್ಟು ಪುಣೆಗೆ ನೌಕರಿಗೆ ಹೋದಳು. ಹೀಗೆ ಕನ್ನಡ ವಿಕಿಪೀಡಿಯಕ್ಕೆ ಒಬ್ಬ ಸಂಪಾದಕರು ಸಿಕ್ಕರು.

ಅಂಥವರು ಅದಕ್ಕೆ ಬೇಕೇ ಬೇಕು. ಇದನ್ನು ತಮಾಷೆಗೆ ಹೇಳುತ್ತಿಲ್ಲ. 2003ರಲ್ಲಿ ಶುರುವಾದ ಆ ವಿಶ್ವಕೋಶ ನಡೆದಿರುವುದೇ ಸಂಬಳವಿಲ್ಲದೆ ಮಧ್ಯರಾತ್ರಿ ಕಾಗುಣಿತ ತಿದ್ದುವವರಿಂದ. ಕೋಟೆಯೊಳಗಿನ ಕಮಲ ಬಸದಿಯನ್ನು ರಟ್ಟರ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ ಎಂದು ಬರೆಯುವ ಮುಂಚೆ ಕಾಕಾ ಮೂರು ಪುಸ್ತಕ ತೆಗೆದು ನೋಡಿದ್ದಾರೆ. ಮಲಪ್ರಭೆ ಹುಟ್ಟುವ ಕಣಕುಂಬಿಗೆ ಖಾನಾಪುರದ ಮೇಲಿಂದ ಬಸ್ಸು ಹಿಡಿದು, ಜುಲೈ ಮಳೆಯಲ್ಲಿ ನೆನೆದು, ಫೋಟೊ ತೆಗೆದು ತಂದಿದ್ದಾರೆ. ಇನ್ನೊಬ್ಬರ ವಿಷಯ ಬಂದರೆ ಕಾಕಾ ಸಾಕ್ಷಾತ್ ಹರಿಶ್ಚಂದ್ರ.

ತೊಂದರೆ ಶುರುವಾದದ್ದು ಅವರ ಅಜ್ಜನಿಂದ.

1924ರ ಡಿಸೆಂಬರಿನಲ್ಲಿ ಗಾಂಧೀಜಿ ತಮ್ಮ ಜೀವನದಲ್ಲಿ ಒಂದೇ ಒಂದು ಸಲ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದು ಇದೇ ಟಿಳಕವಾಡಿಯಲ್ಲಿ. ಗಂಗಾಧರರಾವ್ ದೇಶಪಾಂಡೆಯವರ ಓಡಾಟ, ಹರ್ಡೀಕರರ ಸೇವಾದಳ, ಹುಯಿಲಗೋಳ ನಾರಾಯಣರಾಯರ ನಾಡಗೀತೆ, ಇನ್ನೂ ಹುಡುಗಿಯಾಗಿದ್ದ ಗಂಗೂಬಾಯಿ ಹಾನಗಲ್ಲರ ಹಾಡು. ಆ ಜಾಗಕ್ಕೆ ವಿಜಯನಗರ ಎಂದು ಹೆಸರಿಟ್ಟು, ನೀರಿಗಾಗಿ 4,370 ರೂಪಾಯಿ 3 ಆಣೆ ಖರ್ಚಿನಲ್ಲಿ ಬಾವಿ ತೋಡಿಸಿದರು. ಇಂದು ಎಲ್ಲರೂ ಕಾಂಗ್ರೆಸ್ ಬಾವಿ ಎನ್ನುವುದು ಅದಕ್ಕೇ. ಆ ‘3 ಆಣೆ’ ಎಂದರೆ ಕಾಕಾರಿಗೆ ಪ್ರಾಣ. ಲೆಕ್ಕ ಅಂದರೆ ಹೀಗಿರಬೇಕು ಎನ್ನುತ್ತಾರೆ.

ಆ ಬಾವಿಯ ನೀರನ್ನು ಒಂದು ತಂಬಿಗೆಯಲ್ಲಿ ಸೇದಿ ಗಾಂಧೀಜಿಯ ಕೈಗೆ ಕೊಟ್ಟವರು ಕಾಕಾರ ಅಜ್ಜ. ಮನೆಯಲ್ಲಿ ಹಾಗೆ ಹೇಳುತ್ತಾರೆ. ತಂಬಿಗೆಯೂ ಇದೆ, ದೇವರಮನೆಯಲ್ಲಿ, ಬುಡಕ್ಕೆ ಬೆಸುಗೆ ಹಾಕಿಸಿಕೊಂಡು. ಒಂದು ರಾತ್ರಿ ಕಾಕಾ ಅಧಿವೇಶನದ ಪುಟಕ್ಕೆ ಒಂದೇ ಒಂದು ವಾಕ್ಯ ಸೇರಿಸಿದರು. ಅದರಲ್ಲಿ ಅಜ್ಜನ ಹೆಸರಿತ್ತು, ತಂಬಿಗೆಯಿತ್ತು, ‘ಅವಿಸ್ಮರಣೀಯ’ ಎಂಬ ಪದ ಎರಡು ಸಲ ಇತ್ತು.

ಇಪ್ಪತ್ತು ನಿಮಿಷಕ್ಕೆ ಯಾರೋ ತೆಗೆದುಹಾಕಿದರು. ‘ಆಧಾರ ಕೊಡಿ’ ಎಂದು ಚೀಟಿ ಬೇರೆ. ಕಾಕಾ ವಾಕ್ಯವನ್ನು ಮತ್ತೆ ಹಾಕಿ, ಆಧಾರ ಎಂದಿದ್ದ ಕಡೆ ‘ನಾನು’ ಎಂದು ಬರೆದರು.

ಅವರನ್ನು ಸಮಾಧಾನಪಡಿಸಲು ಹೋಗಿ ನಾನೊಂದು ತಪ್ಪು ಮಾಡಿದೆ. ಅಮೆರಿಕದ ಕಾದಂಬರಿಕಾರ ಫಿಲಿಪ್ ರಾತ್ 2012ರಲ್ಲಿ ತಮ್ಮದೇ ‘ದಿ ಹ್ಯೂಮನ್ ಸ್ಟೇನ್’ ಕಾದಂಬರಿಯ ಹುಟ್ಟಿನ ಬಗ್ಗೆ ವಿಕಿಪೀಡಿಯದಲ್ಲಿದ್ದ ಮಾತು ತಪ್ಪು ಎಂದರೆ, ಬರೆದವರ ಮಾತೊಂದೇ ಸಾಲದು, ಬೇರೆಯವರ ಆಧಾರ ಬೇಕು ಎಂಬ ಉತ್ತರ ಬಂತು. ಅವರು ಕೊನೆಗೆ ‘ದಿ ನ್ಯೂಯಾರ್ಕರ್’ ಪತ್ರಿಕೆಗೆ ಬಹಿರಂಗ ಪತ್ರ ಬರೆಯಬೇಕಾಯಿತು ಎಂದು ಹೇಳಿದೆ. ಅಂಥವರಿಗೇ ಹೀಗಾದರೆ ನಮ್ಮದೇನು ಎಂಬುದು ನನ್ನ ತಾತ್ಪರ್ಯ. ಕಾಕಾ ಪೆನ್ನು ತೆಗೆದರು. “ನ್ಯೂಯಾರ್ಕರ್ ಅಡ್ರೆಸ್ ಹೇಳು.”

ಮರುದಿನವೇ ವಿಕಿಪೀಡಿಯದಲ್ಲಿ ಹೊಸಬರೊಬ್ಬರು ಕಾಣಿಸಿಕೊಂಡರು. ಹೆಸರು ‘ತಟಸ್ಥ ವೀಕ್ಷಕ’. ಅವರಿಗೆ ಅಜ್ಜನ ಬಗ್ಗೆ ಅಪಾರ ಗೌರವ. ಕಾಕಾರ ಬರಹ ಓದಿ ಕಣ್ಣು ತುಂಬಿ ಬಂತೆಂದು ಚರ್ಚೆಪುಟದಲ್ಲಿ ಬರೆದರು. ಕಾಕಾ ಅವರಿಗೆ ಧನ್ಯವಾದ ಹೇಳಿದರು. ಅವರು ‘ಅದರಲ್ಲೇನಿದೆ’ ಎಂದರು. ಈ ಸೌಜನ್ಯ ಎರಡು ದಿನ ನಡೆಯಿತು. ಮೂರನೇ ದಿನ ಒಬ್ಬ ಹುಡುಗ (ಹುಡುಗ ಎಂಬುದು ಕಾಕಾರ ಊಹೆ, ತಮ್ಮ ವಾಕ್ಯ ತೆಗೆದವರೆಲ್ಲ ಅವರಿಗೆ ಹುಡುಗರೇ) ಶಾಂತವಾಗಿ ಕೇಳಿದ: ಇಬ್ಬರೂ ದಿನಾ ಒಂದರಿಂದ ಮೂರರವರೆಗೆ ಒಟ್ಟಿಗೇ ಮಾಯವಾಗುತ್ತೀರಲ್ಲ, ಯಾಕೆ?

ಕಾಕಾರ ಮಧ್ಯಾಹ್ನದ ನಿದ್ದೆ ಹೀಗೆ ಸಾರ್ವಜನಿಕ ದಾಖಲೆಯಾಯಿತು. ಅಲ್ಲಿ ಪ್ರತಿ ಪುಟದ ನೆತ್ತಿಯ ಮೇಲೂ ‘ಇತಿಹಾಸ’ ಎಂಬ ಕೊಂಡಿ ಇರುತ್ತದೆ. ಯಾರು, ಎಷ್ಟು ಹೊತ್ತಿಗೆ, ಯಾವ ಪದ ಹಾಕಿದರು, ಯಾವುದನ್ನು ಕಿತ್ತರು, ಎಲ್ಲ ಅಲ್ಲೇ ಇರುತ್ತದೆ. ನಮ್ಮ ಓಣಿಯ ಹೆಣ್ಣುಮಕ್ಕಳಿಗೂ ಅಷ್ಟು ನೆನಪಿನ ಶಕ್ತಿ ಇಲ್ಲ.

ದೊಡ್ಡವರೇ ಜಾರಿದ್ದಾರೆ ಎಂಬುದನ್ನೂ ಹೇಳಬೇಕು. ವಿಕಿಪೀಡಿಯ ಕಟ್ಟಿದ ಜಿಮ್ಮಿ ವೇಲ್ಸ್, ತಮ್ಮ ಬಗೆಗಿನ ಪುಟದಲ್ಲಿ ಲ್ಯಾರಿ ಸ್ಯಾಂಗರ್ ಸಹ-ಸ್ಥಾಪಕ ಎಂಬ ಮಾತನ್ನು ತಾವೇ ತೆಗೆಯುತ್ತಿದ್ದದ್ದು 2005ರಲ್ಲಿ ಬಯಲಾಯಿತು. ಇತಿಹಾಸದ ಕೊಂಡಿಯೇ ಹಿಡಿದುಕೊಟ್ಟಿತು. ಹಾಗೆ ಮಾಡಬಾರದಿತ್ತು ಎಂದು ಅವರು ಒಪ್ಪಿಕೊಂಡರು. ನನ್ನದೂ ಒಂದಿದೆ. ನಾನು ಕಲಿತ ಶಾಲೆಯ ಪುಟದಲ್ಲಿ ಮೂರು ವರ್ಷದ ಹಿಂದೆ ‘ಪ್ರತಿಷ್ಠಿತ’ ಎಂಬ ಪದ ಸೇರಿಸಿದ್ದೆ. ಇನ್ನೂ ಯಾರೂ ತೆಗೆದಿಲ್ಲ. ಆ ಪುಟದ ಹತ್ತಿರ ಹೋದಾಗೆಲ್ಲ, ಸಾಲ ಕೊಟ್ಟವರ ಮನೆ ಮುಂದೆ ಹಾಯುವ ಹಾಗೆ ಮುಖ ತಿರುಗಿಸಿಕೊಂಡು ಹಾಯುತ್ತೇನೆ.

ಕಾಕಾರಿಗೆ ಆ ಹುಡುಗನ ಪ್ರಶ್ನೆಗಿಂತ ದೊಡ್ಡ ಪೆಟ್ಟು ಖಾನಾಪುರದಿಂದ ಬಂತು. ಅಲ್ಲಿನ ಬೀಗರೂ ನಿವೃತ್ತರು, ಮನೆಮಾತು ಮರಾಠಿ. ಮರಾಠಿ ವಿಕಿಪೀಡಿಯದಲ್ಲಿ ಅವರೂ ಒಂದು ವಾಕ್ಯ ಸೇರಿಸಿದ್ದರು: ಬೆಳಗಾವಿ ಅಧಿವೇಶನದಲ್ಲಿ ಗಾಂಧೀಜಿಗೆ ತಾಂಬ್ಯಾದಲ್ಲಿ ನೀರು ಕೊಟ್ಟವರು ಅವರ ಅಜ್ಜ. ಬಾವಿ ಒಂದೇ, ಬಾಯಾರಿಕೆಯೂ ಒಂದೇ, ತಂಬಿಗೆ ಮಾತ್ರ ಎರಡು ಭಾಷೆಯದು. ದೀಪಾವಳಿ ಫರಾಳಕ್ಕೆ ಎರಡೂ ಮನೆಯವರು ಕೂತಾಗ ಇಬ್ಬರೂ ಚಕ್ಕುಲಿ ಮುರಿಯುವ ಸದ್ದು ಬಿಟ್ಟರೆ ಬೇರೆ ಮಾತಿರಲಿಲ್ಲ. “ಅವರು ಬರದದ್ದಕ್ಕ ಆಧಾರ ಏನದ?” ಎಂದು ಬೀಗರು ಹೋದ ಮೇಲೆ ಕಾಕಾ ಗುಡುಗಿದರು. “ಮನಿತನದ ಮಾತನ್ನ ಯಾರಾರ ನಂಬತಾರೇನು?”

ತಾವೇನು ಹೇಳಿದೆವೆಂದು ಅವರಿಗೆ ಹೊಳೆಯಲಿಲ್ಲ. ಅವರ ಹೆಂಡತಿ ಕಾಕುಗೆ ಹೊಳೆಯಿತು. ಒಳಗಿಂದ ಒಲೆ ಒರೆಸುತ್ತಲೇ ಕೇಳಿದರು: “ಸೊಸೈಟ್ಯಾಗ ನನ್ನ ತಮ್ಮನ ಸಾಲದ ಅರ್ಜಿ ಬಂದಾಗ ನೀವೇನು ಮಾಡಿದ್ರಿ?”

“ವರಾಂಡಾಕ್ಕ ಹೋಗಿ ನಿಂತೆ. ಸಂಬಂಧಿಕರ ಅರ್ಜಿ ಬಂದರ ಡೈರೆಕ್ಟರ್ ಒಳಗ ಕೂಡ್ರಬಾರದು.”

“ಅಂವಗ ಸಾಲ ಸಿಗಲಿಲ್ಲ. ಆರು ತಿಂಗಳು ನನ್ನ ತವರಮನಿ ಮಂದಿ ಮಾತಾಡಲಿಲ್ಲ. ಆವಾಗ ವರಾಂಡಾಕ್ಕ ಹೋದವರು, ಈಗ ನಿಮ್ಮ ಅಜ್ಜಂದು ಬಂದರ ಯಾಕ ಖುರ್ಚಿ ಬಿಟ್ಟು ಏಳವಲ್ರಿ?”

ಕಾಕಾ ಅಂದು ಗೇಟಿನ ಹತ್ತಿರವೂ ಬರಲಿಲ್ಲ. ಹಿತಾಸಕ್ತಿ ಸಂಘರ್ಷ ಎಂಬ ಪದವನ್ನು ನಾನು ಅವರಿಗೆ ನಾಲ್ಕು ಸಲ ಬಿಡಿಸಿ ಹೇಳಿದ್ದೆ. ವರಾಂಡಾ ಎಂದ ಕೂಡಲೇ ತಿಳಿಯಿತು. ವಿಕಿಪೀಡಿಯದಲ್ಲಿ ಆ ವರಾಂಡಾಕ್ಕೆ ಚರ್ಚೆಪುಟ ಎನ್ನುತ್ತಾರೆ. ನಮ್ಮವರು, ನಮ್ಮ ಅಂಗಡಿ, ನಮ್ಮ ಸಂಸ್ಥೆಯ ವಿಷಯವಿದ್ದರೆ ಪುಟಕ್ಕೆ ಕೈ ಹಚ್ಚದೆ ಅಲ್ಲಿ ನಿಂತು, ‘ನನಗೂ ಇದಕ್ಕೂ ಇಂಥ ಸಂಬಂಧ, ಹೀಗೊಂದು ಮಾತಿದೆ, ಬೇರೆಯವರು ನೋಡಿ’ ಎನ್ನಬೇಕು. ಕಾಕಾ ಅಜ್ಜನ ವಾಕ್ಯವನ್ನು ತಾವೇ ತೆಗೆದು ಅಲ್ಲಿಗೆ ಒಯ್ದರು. ತಟಸ್ಥ ವೀಕ್ಷಕರು ಕಣ್ಮರೆಯಾದರು. ಸಂಪಾದಕರೆಲ್ಲ ಸೇರಿ ಮಾತಾಡುವ ಪುಟಕ್ಕೆ ಕನ್ನಡದಲ್ಲಿ ‘ಅರಳಿ ಕಟ್ಟೆ’ ಎಂದು ಹೆಸರು. ಅಲ್ಲಿಯೂ ಹೋಗಿ ತಪ್ಪು ಒಪ್ಪಿಕೊಂಡು ಬಂದರು.

ಒಮ್ಮೆ ಪ್ರಾಮಾಣಿಕರಾದ ಮೇಲೆ ಕಾಕಾರನ್ನು ಹಿಡಿಯುವವರು ಯಾರು? ಓಣಿಯ ಮಂಗಲ ಕಾರ್ಯಾಲಯದ ಮಾಲಕರು ತಮ್ಮ ಹಾಲ್ ಬಗ್ಗೆಯೂ ಒಂದು ಪುಟ ಇರಲಿ ಎಂದು ಬಂದರು. “ಗಮನಾರ್ಹತೆ ಇಲ್ಲರೀ” ಎಂದರು ಕಾಕಾ. “ಮೇ ತಿಂಗಳದಾಗ ಬಂದು ನೋಡ್ರಿ, ಕಾಲಿಡಾಕ ಜಾಗಾ ಇರೂದಿಲ್ಲ” ಎಂದು ಮಾಲಕರು ಒಂದು ಡಬ್ಬಿ ಕುಂದಾ ಟೀಪಾಯಿ ಮೇಲಿಟ್ಟು ಹೋದರು. ಕಾಕಾ ಪುಟ ಬರೆಯಲಿಲ್ಲ. ಕುಂದಾ ಮಾತ್ರ ಅರ್ಧ ಖಾಲಿಯಾದ ಮೇಲೆ ನೆನಪಾಯಿತು: ಪ್ರತಿಫಲ ಪಡೆದು ಬರೆಯುವವರು ಅದನ್ನು ಬಹಿರಂಗಪಡಿಸಬೇಕೆಂದು 2014ರ ಜೂನ್‌ನಲ್ಲಿ ವಿಕಿಮೀಡಿಯ ಫೌಂಡೇಶನ್ ನಿಯಮ ಮಾಡಿದೆ. ಪ್ರತಿಫಲವೆಂದರೆ ಹಣವೊಂದೇ ಅಲ್ಲ, ವಸ್ತುವೂ ಹೌದು.

“ನೀವು ಬರೆದೇ ಇಲ್ಲವಲ್ಲ ಕಾಕಾ” ಎಂದೆ.

“ಜಮಾ ಆಗೇದಲ್ಲಾ? ಜಮಾ ಆದದ್ದನ್ನ ತೋರಿಸಬೇಕು.”

ಆ ರಾತ್ರಿ ಅವರ ಸದಸ್ಯ ಪುಟದಲ್ಲಿ ಹೀಗೊಂದು ಘೋಷಣೆ ಬಂತು: ‘ಮಂಗಲ ಕಾರ್ಯಾಲಯವೊಂದರ ಮಾಲಕರಿಂದ ನನಗೆ ಒಂದು ಕಿಲೋ ಕುಂದಾ ಸಂದಾಯವಾಗಿದೆ. ಅವರ ಬಗ್ಗೆ ನಾನು ಯಾವ ಪುಟದಲ್ಲಿಯೂ ಏನನ್ನೂ ಬರೆಯತಕ್ಕದ್ದಲ್ಲ.’

ಬೆಳಿಗ್ಗೆ ಅದರ ಕೆಳಗೆ ಆ ಹುಡುಗ ಕೇಳಿದ್ದ: ‘ಸರ್, ಯಾವ ಅಂಗಡಿಯದು?’ ಹೇಳಿದರೆ ಜಾಹೀರಾತು ಆಗುತ್ತದೆಂದು ಕಾಕಾ ಉತ್ತರಿಸಲಿಲ್ಲ. ಆದರೆ ಕಾಕು ಖಾಲಿ ಡಬ್ಬಿಯನ್ನು ಅಡಿಗೆಮನೆಯ ತಕ್ಕಡಿಗೆ ಇಟ್ಟು ನೋಡಿ, ಮಾಲಕರು ಡಬ್ಬಿಯ ತೂಕವನ್ನೂ ಸೇರಿಸಿ ಕಿಲೋ ಮಾಡಿದ್ದಾರೆಂದು ಕಂಡುಹಿಡಿದರು. ಪುಟದ ಇತಿಹಾಸದಲ್ಲಿ ಈಗ ಬೆಳಿಗ್ಗೆ 7.40ಕ್ಕೆ ಒಂದು ತಿದ್ದುಪಡಿ ಕಾಣುತ್ತದೆ. ‘ಒಂದು ಕಿಲೋ’ ಇದ್ದದ್ದು ‘ಒಂಬೈನೂರ ಇಪ್ಪತ್ತು ಗ್ರಾಂ’ ಆಗಿದೆ. ಪಕ್ಕದಲ್ಲಿ ಕಾಕಾ ಚುಟುಕು ಬದಲಾವಣೆ ಎಂದು ಗುರುತು ಹಾಕಿದ್ದಾರೆ.