ವಿ.ವಿ. ಎಂಬ ಸ್ಟಾರ್ಟಪ್ಪು

ನಮ್ಮ ವಿಶ್ವವಿದ್ಯಾಲಯಗಳು ಉದ್ಯಮಿಗಳನ್ನು ತಯಾರು ಮಾಡುತ್ತಿಲ್ಲ ಅಂತ ಹಲುಬುವವರಿಗೆ ವಿಷಯವೇ ತಿಳಿದಿಲ್ಲ. ಕರ್ನಾಟಕದಲ್ಲಿ ವಿ.ವಿ.ಗಳೇ ಸ್ಟಾರ್ಟಪ್ಪುಗಳು.

ಲಕ್ಷಣ ನೋಡಿ. 2022ರ ಬಜೆಟ್ಟಿನಲ್ಲಿ ಒಂದೇ ಉಸಿರಿಗೆ 7 ವಿ.ವಿ. ಘೋಷಣೆಯಾದವು: ಬೀದರ್, ಕೊಪ್ಪಳ, ಬಾಗಲಕೋಟೆ, ಹಾವೇರಿ, ಹಾಸನ, ಕೊಡಗು, ಚಾಮರಾಜನಗರ. ಕಟ್ಟಡವೇ? ಹಾಸನದಲ್ಲಿ ಹೇಮಗಂಗೋತ್ರಿ ಇತ್ತು, ಕೊಡಗಿನಲ್ಲಿ ಚಿಕ್ಕಅಳುವಾರದ ಸ್ನಾತಕೋತ್ತರ ಕೇಂದ್ರ ಇತ್ತು; ಬೋರ್ಡು ಬದಲಾಯಿತು, ಅಷ್ಟೆ. ಮೇಷ್ಟ್ರುಗಳೇ? ಅತಿಥಿ ಉಪನ್ಯಾಸಕರಿದ್ದಾರಲ್ಲ! ಕರೆದರೆ ಬರುತ್ತಾರೆ, ಸಂಬಳ ಯಾವಾಗ ಅಂದರೆ ಮುಂದಿನ ಸೆಮಿಸ್ಟರಿಗೆ ಅತಿಥಿಗಳಲ್ಲ. ಮನೆಮನೆಗೆ ಊಟ ಮುಟ್ಟಿಸುವ ಹುಡುಗರನ್ನು ಹೀಗೆ ದುಡಿಸಬಹುದು ಅಂತ ಆ್ಯಪ್ ಕಂಪನಿಗಳಿಗೆ ಹೊಳೆಯುವ ಎಷ್ಟೋ ಮುಂಚೆ ನಮ್ಮ ಕುಲಸಚಿವರಿಗೆ ಈ ವಿದ್ಯೆ ಕರಗತವಾಗಿತ್ತು.

2025ರಲ್ಲಿ ಸಂಪುಟ ಉಪಸಮಿತಿ ಕೂತು ಲೆಕ್ಕ ಹಾಕಿತು. ಬೀದರ್ ಉಳಿಯಲಿ, ಮಿಕ್ಕ 6ರ ಜೊತೆಗೆ ಮಂಡ್ಯ ಮುಂತಾದ ಇನ್ನೂ 3 ಸೇರಿಸಿ ಒಟ್ಟು 9 ಬಾಗಿಲು ಹಾಕಲಿ, ಹಳೇ ತಾಯಿಮನೆಗೆ ಸೇರಲಿ ಅಂದಿತು. ಸ್ಟಾರ್ಟಪ್ ಭಾಷೆಯಲ್ಲಿ ಇದಕ್ಕೆ 'ಎಕ್ಸಿಟ್' ಅಂತಾರಂತೆ. ನಮ್ಮ ಕಡೆ ತವರಿಗೆ ಕಳಿಸೋದು ಅಂತಾರೆ.

ಹಿಂದಿನವರಿಗೆ ಇಷ್ಟು ಚುರುಕಿರಲಿಲ್ಲ. 1914ರ ಯುದ್ಧ ಬಂತು, ಜರ್ಮನಿಗೆ ಹೋಗುತ್ತಿದ್ದ ಮೈಸೂರಿನ ಗಂಧದ ಕೊರಡು ರಾಶಿ ಬಿತ್ತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಸಡ್‌ಬರೋ, ವಾಟ್ಸನ್ ಎಂಬಿಬ್ಬರು ಮೇಷ್ಟ್ರು ಪ್ರಯೋಗಾಲಯದಲ್ಲೇ ಎಣ್ಣೆ ಇಳಿಸಿ ತೋರಿಸಿದರು. ಎಣ್ಣೆ ಕಾರ್ಖಾನೆ ಬಂತು, ಸೋಪು ಬಂತು. ಆ ಸೋಪು ಇವತ್ತೂ ನಮ್ಮ ಬಚ್ಚಲಲ್ಲಿದೆ. ಪಾಪ, ಒಂದು ಇನೊವೇಶನ್ ಕೌನ್ಸಿಲ್ ಇರಲಿಲ್ಲ, ಒಡಂಬಡಿಕೆಯ ಫೈಲು ಹಿಡಿದು ನಿಂತ ಫೋಟೊ ಇರಲಿಲ್ಲ. ನ್ಯಾಕ್ ತಂಡದವರು ಬಂದಿದ್ದರೆ ತೋರಿಸಲು ಅವರ ಹತ್ತಿರ ಇದ್ದದ್ದು ಬರೀ ಎಣ್ಣೆ.

ಈಗ ಹಾಗಿಲ್ಲ. ಮೊನ್ನೆ ಒಂದು ವಿ.ವಿ.ಗೆ ಹೋಗಿದ್ದೆ. 'ಉದ್ಯಮ ಪೋಷಣಾ ಕೇಂದ್ರ' ಅಂತ ಗ್ರಾನೈಟಿನ ಮೇಲೆ ಬಂಗಾರದ ಅಕ್ಷರ, ಕೆಳಗೆ ಉದ್ಘಾಟಿಸಿದವರ ಹೆಸರು, ಬಾಗಿಲಿಗೆ ಬೀಗ. ಬೀಗದಕೈ ಯಾರ ಹತ್ತಿರ ಅಂತ ವಿಚಾರಿಸಿದೆ. ಅಟೆಂಡರ್ ಹತ್ತಿರವಂತೆ. ಆತ ಸಿಕ್ಕಿದ್ದು ಗೇಟಿನಾಚೆ, ಹೆಂಡತಿಯ ಟೀ ಗಾಡಿಯಲ್ಲಿ.

"ಸ್ವಲ್ಪ ತಡೀರಿ ಸಾರ್," ಅಂದ, "ಗಿರಾಕಿ ಇದ್ದಾರೆ."