ಮಿಸಾತೊ ಅವರ ಯಜಮಾನರು

ಟೋಕಿಯೊದ ಅಕಿಹಾಬರದಲ್ಲಿ ಯಾವ ಅನಿಮೆ ಅಂಗಡಿ ಹೊಕ್ಕರೂ ಇಂಥವರೊಬ್ಬರು ಸಿಗುತ್ತಾರೆ. ವಯಸ್ಸು ನಲವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಆಫೀಸಿನ ಬ್ಯಾಗು. ಬ್ಯಾಗಿನ ಒಳಮೈಗೆ (ಹೊರಮೈಗಲ್ಲ, ಮರ್ಯಾದಸ್ಥರು) ಸಾಲಾಗಿ ಬ್ಯಾಡ್ಜುಗಳು. ಎಲ್ಲದರಲ್ಲೂ ಒಬ್ಬಳೇ: ‘ಇವಾಂಗೆಲಿಯನ್’ ಎಂಬ ಕಾರ್ಟೂನ್ ಸರಣಿಯ ಸೇನಾಧಿಕಾರಿ ಕತ್ಸುರಾಗಿ ಮಿಸಾತೊ. ಜಪಾನಿನ ಗೆಳೆಯರ ನಡುವೆ ಇವರು ಆಕೆಯನ್ನು ‘ನನ್ನ ಯೋಮೆ’, ಅಂದರೆ ನನ್ನ ಹೆಂಡತಿ, ಅನ್ನುತ್ತಾರೆ. ಕಡಲಾಚೆಯ ಅಭಿಮಾನಿಗಳ ಬಾಯಲ್ಲಿ ಆಕೆ ‘ವೈಫು’.

‘ವೈಫು’ ಹಬ್ಬಿದ್ದು 2002ರ ‘ಅಜುಮಾಂಗ ದಾಯೋ’ ಅನಿಮೆಯಿಂದ. ಅದರಲ್ಲೊಬ್ಬ ವಿಚಿತ್ರ ಮೇಷ್ಟ್ರು. ಕೆಳಗೆ ಬಿದ್ದ ಫೋಟೊದಲ್ಲಿ ಇರುವುದು ಯಾರೆಂದು ಕೇಳಿದರೆ ‘ಮೈ ವೈಫು’ ಅನ್ನುತ್ತಾರೆ. ಕತೆಯೊಳಗೆ ಆ ಮೇಷ್ಟ್ರಿಗೆ ನಿಜಕ್ಕೂ ಹೆಂಡತಿಯಿದ್ದಳು. ಹೆಂಡತಿಯಿಲ್ಲದವರೆಲ್ಲ ಪದವನ್ನು ಎತ್ತಿಕೊಂಡು ಹೋದರು.

ನಮ್ಮ ಯಜಮಾನರ ಸಂಸಾರ ಶುರುವಾದದ್ದು 1995ರಲ್ಲಿ, ಟಿವಿಯಲ್ಲಿ ಸರಣಿ ಬಂದಾಗ. ಆಕೆಗೆ 29, ಇವರಿನ್ನೂ ಶಾಲೆಯ ಹುಡುಗ. ಇವರಿಗೂ 29 ತುಂಬಿದ ವರ್ಷ ಜೋಡಿ ಹೇಳಿಮಾಡಿಸಿದಂತಿತ್ತು. ಆಮೇಲೆ ಇವರ ಕೂದಲು ಹಣೆ ಬಿಟ್ಟು ಹಿಂದೆ ಸರಿಯತೊಡಗಿತು. ಆಕೆ ಇದ್ದಲ್ಲೇ ಇದ್ದಳು. ಆಕೆಯ ಮನೆಯ ಸ್ಥಿತಿಯೋ, ಕೇಳಬೇಡಿ. ಎಲ್ಲೆಂದರಲ್ಲಿ ಬಿಯರ್ ಡಬ್ಬಿ, ತೊಳೆಯದ ಪಾತ್ರೆ, ಸಾಲದ್ದಕ್ಕೆ ಫ್ರಿಜ್ಜಿನಲ್ಲೊಂದು ಪೆಂಗ್ವಿನ್. ಇಂಥ ಹೆಣ್ಣನ್ನು ಇವರ ತಾಯಿ ಮೂರು ಆಯಾಮದಲ್ಲಿ ಹುಡುಕಿ ತಂದಿದ್ದರೆ, ಕಾಫಿ ಆರುವ ಮೊದಲೇ ಇವರು ಬೇಡವೆಂದು ಎದ್ದು ಬರುತ್ತಿದ್ದರು.

‘ಇವಾಂಗೆಲಿಯನ್’ನ 2012ರ ಸಿನಿಮಾದಲ್ಲಿ ಕತೆ ಏಕಾಏಕಿ 14 ವರ್ಷ ಮುಂದಕ್ಕೆ ಹಾರಿತು. ಮಿಸಾತೊ ನಲವತ್ತು ದಾಟಿದ, ಕಪ್ಪು ಕನ್ನಡಕದ, ಮುಖ ಗಂಟುಹಾಕಿಕೊಂಡು ಎಷ್ಟು ಬೇಕೋ ಅಷ್ಟೇ ಮಾತಾಡುವ ಕ್ಯಾಪ್ಟನ್ ಆಗಿದ್ದಳು. ಅಭಿಮಾನಿಗಳು ಹೌಹಾರಿದರು. ಇವರೊಬ್ಬರು ಮಾತ್ರ ಚಿತ್ರಮಂದಿರದಿಂದ ಹಸನ್ಮುಖಿಯಾಗಿ ಹೊರಬಂದರು. ಈಗ ಇವರದೂ ಎಲ್ಲರ ಮನೆಯಂಥದೇ ಸಂಸಾರ!

2021ರ ಕೊನೆಯ ಚಿತ್ರ ಅಷ್ಟು ಸಲೀಸಾಗಲಿಲ್ಲ. ಆಕೆಗೆ ಮಗನಿದ್ದಾನೆ. ತಂದೆ ಆಕೆಯ ಹಳೆಯ ಪ್ರಿಯಕರ ಕಾಜಿ, ಟಿವಿ ಸರಣಿಯ ಕಾಲದಿಂದಲೂ ಇವರು ಹೆಸರೆತ್ತದ ಆಸಾಮಿ. ಮರುದಿನ ಆಫೀಸಿಗೆ ರಜೆ. ಅದರಾಚೆ ದಿನ ಕೋಪವೆಲ್ಲ ಇಳಿದು ‘ಪಾಪ, ಹುಡುಗ ತಾಯಿಯನ್ನು ಕಾಣದೆ ಬೆಳೆದ’ ಎಂದು ಕಣ್ಣೊರೆಸಿಕೊಂಡರು. ಅದೇ ಚಿತ್ರದಲ್ಲಿ ಆಕೆ ಸತ್ತೂ ಹೋದಳು. ಆದರೂ ಡಿಸೆಂಬರ್ 8ರ ಹುಟ್ಟುಹಬ್ಬಕ್ಕೆ ಕೇಕು ತಪ್ಪಿಲ್ಲ, ಪಕ್ಕದಲ್ಲಿ ಯೆಬಿಸು ಬಿಯರೂ. ಹಾಕೊನೆಯ ಯಾತ್ರೆಯೂ ನಡೆದಿದೆ. ಕತೆಯ ಊರು ಇರುವುದು ಅಲ್ಲೇ ತಾನೆ.

ಮೂರು ತಿಂಗಳಿಗೊಮ್ಮೆ, ಹೊಸ ಸರಣಿ ಬಂದಾಗಲೆಲ್ಲ ಯೋಮೆ ಬದಲಿಸುವ ಹುಡುಗರನ್ನು ಕಂಡರೆ ಇವರಿಗೆ ಮೈಯುರಿ. ಏಕಪತ್ನೀವ್ರತದ ಬಗ್ಗೆ ಇವರ ಉಪನ್ಯಾಸ ಕೇಳಿದರೆ ನಮ್ಮೂರ ಹರಿಕಥೆ ದಾಸರು ತಂಬೂರಿ ಕೆಳಗಿಟ್ಟಾರು. ಅದೇ ಟೋಕಿಯೊದ ಇಕೆಬುಕುರೊದ ಒತೊಮೆ ರೋಡಿನಲ್ಲಿ ತಮ್ಮ ತಮ್ಮ ‘ಹಸ್ಬಂಡೊ’ಗಳಿಗಾಗಿ ಬ್ಯಾಗು ತುಂಬಿಸಿಕೊಳ್ಳುವ ಹೆಂಗಸರ ಮೇಲೆ ಇವರಿಗೆ ಗೌರವವಿದೆ. ಅವರ ಶಿಸ್ತೇ ಬೇರೆ.

ಇವರು ಸಹಿಸದ ಪ್ರಾಣಿ ಒಂದೇ: ಅದೇ ಮಿಸಾತೊಳ ಇನ್ನೊಬ್ಬ ಯಜಮಾನ. ತಾನು ಆರಾಧಿಸುವವರನ್ನೇ ಆರಾಧಿಸುವ ಮತ್ತೊಬ್ಬರ ಮುಖ ನೋಡೆನೆನ್ನುವ ಈ ಹಠಕ್ಕೆ ಅಲ್ಲಿ ‘ದೋತಾನ್ ಕ್ಯೋಹಿ’ ಅನ್ನುತ್ತಾರೆ. ಇವರು ವ್ರತದಂತೆ ಪಾಲಿಸುತ್ತಾರೆ. ತೊಡಕೇನೆಂದರೆ, ಬ್ಯಾಡ್ಜುಗಳನ್ನು ಮಾರುವುದು ಮುಚ್ಚಿದ ಪೊಟ್ಟಣದಲ್ಲಿ. ಹತ್ತು ಕೊಂಡರೆ ಮೂರರಲ್ಲಿ ಪೆಂಗ್ವಿನ್, ನಾಲ್ಕರಲ್ಲಿ ಕಾಜಿ. ಬೇಡದ್ದನ್ನು ಕೊಟ್ಟು ಬೇಕಾದ್ದನ್ನು ಪಡೆಯಲು ಅಂಗಡಿಯ ಮೂಲೆಯಲ್ಲಿ ನಿಂತರೆ, ಎದುರಿಗೆ ಅಂಥದೇ ಇಸ್ತ್ರಿ ಅಂಗಿಯ, ಅಂಥದೇ ಬ್ಯಾಗಿನ ಮನುಷ್ಯ. ಅವರ ಕೈಯಲ್ಲಿ ಎರಡು ಮಿಸಾತೊ. ಇಬ್ಬರೂ ಸೊಂಟ ಬಾಗಿಸಿ ವಂದಿಸಿದರು. ಚೌಕಾಸಿ ಶುರುವಾಯಿತು: ಒಂದು ಮಿಸಾತೊಗೆ ಎಷ್ಟು ಕಾಜಿ?