ಅಡಿಕೆ ಬಾಬ್ತು

ಕಂಚಿಯ ಘಟಿಕೆಗೆ ಓದಲು ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗಿ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದನೆಂದು ತಾಳಗುಂದದ ಶಾಸನ ಹೇಳುತ್ತದೆ. ಅವನು ಕೆರೆ ಕಟ್ಟಿಸಿದ್ದನ್ನು ಹೇಳುವ ಶಾಸನ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೇ ಇದೆ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ಇದನ್ನು ನಾನು ಶೌರ್ಯದ ಕಥೆಯಾಗಿ ಹೇಳುತ್ತಿದ್ದೆ. ಸಂಶೋಧನಾ ಅನುದಾನಕ್ಕೆ ಅರ್ಜಿ ಹಾಕಿದ ಮೇಲೆ ಅದರ ಒಳಮರ್ಮ ತಿಳಿಯಿತು. ವಿದ್ಯಾಸಂಸ್ಥೆಯ ಬಾಗಿಲಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತವನಿಗೆ ಹೊಸ ರಾಜ್ಯ ಕಟ್ಟುವುದೇ ಸಲೀಸು ಅನ್ನಿಸಿಬಿಡುತ್ತದೆ. ನನಗಾದರೋ ಮಂಡಿನೋವಿತ್ತು, ಪಿಎಫ್ ಇತ್ತು. ಕತ್ತಿಗೆ ಕೈ ಹಾಕಲಿಲ್ಲ.

ನನ್ನ ವಿಷಯ ಬಡಪಾಯಿ ವಿಷಯ. ಹಿರಿಯೂರಿನ ಹತ್ತಿರ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ. ನಾನು ಅರ್ಜಿ ಹಾಕುವ ಹೊತ್ತಿಗೆ ಅದು ನೂರಾ ಮೂವತ್ತು ಅಡಿ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ ಒಂದೇ ಒಂದು ಸಲ. ಸಾಲ ವಾಪಸು ಕೇಳಿದರೆ ‘ಮಾರಿಕಣಿವೆ ಕೋಡಿ ಬಿದ್ದ ದಿನ ಕೊಡ್ತೀನಿ ಭಾವ’ ಎನ್ನುವ ನೆಂಟನೊಬ್ಬ ನನಗಿದ್ದ. ಆ ಕೋಡಿಯನ್ನು ಕಣ್ಣಾರೆ ಕಂಡ ಮುದುಕ ಮುದುಕಿಯರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಉಳಿದಿದ್ದರು. ಅವರ ಮಾತು ಕೇಳಿ ಬರೆದಿಡಬೇಕು, ಅಷ್ಟೇ. ಇದಕ್ಕೊಂದು ವಾಯ್ಸ್ ರೆಕಾರ್ಡರ್, ಬಸ್ ಚಾರ್ಜು ಮತ್ತು ಒಂದಿಷ್ಟು ಎಲೆ ಅಡಿಕೆ ಸಾಕು. ಈ ಮೂರನೆಯದನ್ನು ಬಜೆಟ್ಟಿನಲ್ಲಿ ಬರೆದೆ.

ಅರ್ಜಿ ಹೋದದ್ದು ಯಾವ ವಿಶ್ವವಿದ್ಯಾಲಯಕ್ಕೆ ಎಂದು ಹೇಳುವುದಿಲ್ಲ. ನನಗೆ ಇನ್ನೂ ಅರ್ಜಿ ಹಾಕುವ ಆಸೆ ಇದೆ. ಪ್ರಾಂಶುಪಾಲರ ಮೂಲಕ, ವಿಭಾಗದ ಮೂಲಕ, ಡೀನರ ಮೂಲಕ, ಕುಲಸಚಿವರ ಮೂಲಕ, ಹೀಗೆ ಎಷ್ಟೋ ‘ಮೂಲಕ’ಗಳ ಮೂಲಕ ಕಡತ ನಡೆಯಿತು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದು ಬ್ರಹ್ಮಗಿರಿಯನ್ನೂ ಚಂದ್ರವಳ್ಳಿಯನ್ನೂ ಅಗೆದಾಗ ಅವರೇ ಪುರಾತತ್ವ ಇಲಾಖೆಯ ಮಹಾನಿರ್ದೇಶಕರು. ತಮ್ಮ ಅರ್ಜಿಯನ್ನು ತಾವೇ ಓದಿ, ಮೀಸೆ ತಿರುವಿ, ತಾವೇ ಸಹಿ ಹಾಕಿಕೊಂಡಿರಬೇಕು. ಸಂಶೋಧನೆ ಎಂದರೆ ಅದು.

ನನ್ನ ಕಡತ ಹಣಕಾಸು ಶಾಖೆಯಲ್ಲಿ ಕೂತಿತು. ‘ಬಾಬ್ತು 7, ಎಲೆ ಅಡಿಕೆ: ಮೂರು ಮೊಹರಾದ ಕೊಟೇಶನ್ ಹಾಗೂ ತುಲನಾತ್ಮಕ ಪಟ್ಟಿ ಲಗತ್ತಿಸುವುದು.’

ಬೇರೆ ಯಾರಾದರೂ ಆ ಬಾಬ್ತನ್ನು ಹೊಡೆದುಹಾಕಿ ಮುಂದೆ ಹೋಗುತ್ತಿದ್ದರು. ನನಗೆ ಹಠ ಬಂತು. ನಿಜ ಹೇಳಬೇಕೆಂದರೆ ಖುಷಿಯೂ ಆಯಿತು. ಹೊಳಲ್ಕೆರೆ ಬಸ್ಸು ಹತ್ತಿದೆ.

ಅಡಿಕೆ ಸೀಮೆಯಲ್ಲಿ ಅಡಿಕೆಗೆ ಕೊಟೇಶನ್ ಕೇಳುವುದು ಎಷ್ಟು ಸುಲಭ ಎಂದುಕೊಂಡಿದ್ದೆ. ಮಂಡಿ ಸಾಹುಕಾರರು ಎದ್ದು ನಿಂತು ಕುರ್ಚಿ ಕೊಟ್ಟರು, ಟೀ ತರಿಸಿದರು. ಯೂನಿವರ್ಸಿಟಿ ಎಂದೊಡನೆ ಹುಡುಗನಿಗೆ ಫ್ಯಾನಿನ ಸ್ವಿಚ್ಚು ಹಾಕಲು ಹೇಳಿದರು.

‘ಯಾವ ಮಾಲು ಸಾರ್? ರಾಶಿನೋ, ಬೆಟ್ಟೆನೋ, ಅಪಿನೋ, ಕೆಂಪುಗೋಟೋ?’

‘ಮಾಮೂಲಿ ತಿನ್ನೋದು.’

‘ಎಲ್ಲಾನೂ ತಿನ್ನೋದೇ ಅಲ್ವಾ ಸಾರ್. ಎಷ್ಟು ಕ್ವಿಂಟಾಲ್?’

‘ಅರ್ಧ ಕೆಜಿ.’

ಸಾಹುಕಾರರು ಹುಡುಗನ ಕಡೆ ನೋಡಿದರು. ಹುಡುಗ ಫ್ಯಾನಿನ ಕಡೆ ನೋಡಿದ. ನಾನು ಕಷ್ಟಪಟ್ಟು ವಿವರಿಸಿದೆ: ಕೊಳ್ಳುವುದು ಅರ್ಧ ಕೆಜಿಯಾದರೂ ಲೆಟರ್‌ಹೆಡ್ಡಿನ ಮೇಲೆ ದರ ಬರೆದು, ಜಿಎಸ್‌ಟಿ ನಂಬರು ಹಾಕಿ, ಲಕೋಟೆಗೆ ಅರಗು ಹಾಕಬೇಕು. ನಿಮ್ಮದರ ಜೊತೆ ಇನ್ನಿಬ್ಬರದು ಬರುತ್ತದೆ, ಕಡಿಮೆ ದರದವರಿಗೆ ಆರ್ಡರು. ಅವರು ಬಹಳ ಹೊತ್ತು ಯೋಚಿಸಿ, ಡ್ರಾದಿಂದ ಒಂದು ಹಿಡಿ ಅಡಿಕೆ ತೆಗೆದು ಪೇಪರಿನಲ್ಲಿ ಕಟ್ಟಿ ನನ್ನ ಕೈಗಿಟ್ಟರು. ‘ತಗಳಿ ಸಾರ್, ದುಡ್ಡು ಬ್ಯಾಡ. ಕಾಗದ ಮಾತ್ರ ಕೇಳಬ್ಯಾಡಿ.’

ಆ ಪೊಟ್ಟಣ ನಾನು ಒಲ್ಲೆ ಎನ್ನುವುದು, ಅವರು ತಗಳಿ ಎನ್ನುವುದು ನಡೆದೇ ನಡೆಯಿತು. ಅದನ್ನು ತೆಗೆದುಕೊಂಡರೆ ಸ್ಪರ್ಧಾತ್ಮಕ ದರದ ಪಾವಿತ್ರ್ಯ ಕೆಡುತ್ತದೆ ಎಂದು ನಾನು ಮಂಡಿಯ ಮಧ್ಯೆ ನಿಂತು ಭಾಷಣ ಮಾಡಿದೆನಂತೆ. ಆ ಭಾಷಣದ ವರದಿ ನನಗಿಂತ ಮೊದಲು ಚಿತ್ರದುರ್ಗ ತಲುಪಿ, ಮನೆಯಲ್ಲಿ ‘ಏನ್ರೀ, ಅಡಿಕೆ ಮಂಡಿಲಿ ಗಲಾಟೆ ಮಾಡಿದ್ರಂತೆ’ ಎಂದು ನನ್ನನ್ನು ಎದುರುಗೊಂಡಿತು.

ಎಲೆಯದು ಬೇರೆ ಕಥೆ. ವೀಳ್ಯದೆಲೆಗೆ ಜಿಎಸ್‌ಟಿಯೇ ಇಲ್ಲ. ಹೊಸದುರ್ಗದ ಸಂತೆಯ ಎಲೆ ಮಾರುವಾಕೆ ನಂಬರು ಎಲ್ಲಿಂದ ತರಬೇಕು? ‘ಫೋನ್ ನಂಬ್ರ ಬರ್ಕೊಳ್ಳಣ್ಣ’ ಎಂದಳು. ಬರೆದುಕೊಂಡೆ. ಅದನ್ನೂ ಲಗತ್ತಿಸಿದೆ.

ಅಷ್ಟರಲ್ಲಿ ಕಡತ ನೈತಿಕ ಸಮಿತಿಗೆ, ಅಂದರೆ ಎಥಿಕ್ಸ್ ಕಮಿಟಿಗೆ ಹೋಗಿತ್ತು. ಮನುಷ್ಯರನ್ನು ಮಾತಾಡಿಸುವ ಸಂಶೋಧನೆಗೆ ಅದು ಬೇಕು. ಐಸಿಎಂಆರ್‌ನವರು 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ದಪ್ಪನೆಯದು, ಬಹುಪಾಲು ಒಳ್ಳೆಯದು. ಗೊತ್ತಿಲ್ಲದ ಬಡವರ ಮೇಲೆ ಔಷಧ ಪ್ರಯೋಗ ಮಾಡುವವರ ಕೈ ಕಟ್ಟಲು ಇಂಥದ್ದು ಬೇಕೇ ಬೇಕು. ಆದರೆ ನಮ್ಮ ಸಮಿತಿಯ ಡಾಕ್ಟರ್ ಸದಸ್ಯರ ಕಣ್ಣೂ ನೆಟ್ಟಿದ್ದು ಬಾಬ್ತು 7ರ ಮೇಲೇ.

‘ಅಡಿಕೆ ಕ್ಯಾನ್ಸರ್‌ಕಾರಕ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಅದನ್ನು ಒಂದನೇ ಗುಂಪಿಗೆ ಹಾಕಿ 2004ರಲ್ಲೇ ಸಂಪುಟ ಪ್ರಕಟಿಸಿದೆ. ವಯೋವೃದ್ಧರು ದುರ್ಬಲ ವರ್ಗ. ದುರ್ಬಲ ವರ್ಗಕ್ಕೆ ಸಂಶೋಧಕರೇ ಕ್ಯಾನ್ಸರ್‌ಕಾರಕ ವಸ್ತು ಹಂಚುತ್ತೀರಾ?’

ಅವರು ಹೇಳಿದ್ದು ಸುಳ್ಳಲ್ಲ. ಅದನ್ನು ಹೊಳಲ್ಕೆರೆಯ ಮಂಡಿಯಲ್ಲಿ ನಿಂತು ಹೇಳಿ ನೋಡಲಿ ಎಂದು ಮಾತ್ರ ನನಗೆ ಅನ್ನಿಸಿತು. ತೊಂಬತ್ತೈದು ದಾಟಿದವರಿಗೆ ಇನ್ನು ಮೇಲೆ ಅಡಿಕೆಯಿಂದ ಆಗುವುದೇನು ಎಂದು ಕೇಳಿದೆ. ಅದು ವಯಸ್ಸಿನ ಆಧಾರದ ತಾರತಮ್ಯವಾಗುತ್ತದೆ ಎಂದರು ಇನ್ನೊಬ್ಬರು. ಅಡಿಕೆ ಬದಲು ಬಿಸ್ಕತ್ತು ಎಂದರು ಮಗದೊಬ್ಬರು. ಸಕ್ಕರೆ ಕಾಯಿಲೆ ಇದ್ದರೆ? ಬಾಳೆಹಣ್ಣು? ಅದೂ ಸಕ್ಕರೆಯೇ. ಕೊನೆಗೆ ಒಂದು ಲೀಟರ್ ನೀರಿನ ಬಾಟಲಿ ಎಂದು ಸರ್ವಾನುಮತವಾಯಿತು. ಮಾರಿಕಣಿವೆ ಕೆಳಗಿನ ಊರಿನಲ್ಲಿ, ಮೂವತ್ತು ಟಿಎಂಸಿ ನೀರಿನ ಕಥೆ ಕೇಳಲು, ಬಾಟಲಿ ನೀರು ಹಿಡಿದು ಹೋಗಬೇಕು. ಜೊತೆಗೆ ಒಪ್ಪಿಗೆ ಪತ್ರ: ಸಂದರ್ಶನದಿಂದ ಮನಸ್ಸಿಗೆ ನೋವಾದರೆ ಯಾವ ಆಪ್ತಸಮಾಲೋಚಕರನ್ನು ಕಾಣಬೇಕು ಎಂಬ ವಿಳಾಸವೂ ಅದರಲ್ಲಿರಬೇಕು.

ತಿದ್ದಿ ಕಳಿಸಿದೆ. ತಿದ್ದಿದ್ದರಲ್ಲಿ ತಿದ್ದುಪಡಿ ಬಂತು. 2022ರ ಸೆಪ್ಟೆಂಬರಿನಲ್ಲಿ, ನನ್ನ ಕಡತ ಯಾವುದೋ ಮೇಜಿನ ಮೇಲಿದ್ದಾಗ, ಎಂಬತ್ತೊಂಬತ್ತು ವರ್ಷದ ಮೇಲೆ ಮಾರಿಕಣಿವೆ ಕೋಡಿ ಬಿತ್ತು. ಹಿರಿಯೂರಿಗೆ ಊರೇ ಕುಣಿಯಿತು. ಹೊಸದುರ್ಗದ ಕಡೆಯ ಹಿನ್ನೀರು ತೋಟಗಳಿಗೆ ನುಗ್ಗಿ ಅಲ್ಲಿನವರು ತಲೆಯ ಮೇಲೆ ಕೈ ಹೊತ್ತರು. ನನ್ನ ನೆಂಟ ಫೋನ್ ಎತ್ತುವುದನ್ನು ನಿಲ್ಲಿಸಿದ. ವಿಷಯ ತಜ್ಞರಿಂದ ಒಂದು ಸಾಲಿನ ಟಿಪ್ಪಣಿ ಬಂತು: ‘ಜಲಾಶಯವು ಈಗ ಕೋಡಿ ಬಿದ್ದಿರುವುದರಿಂದ ಪ್ರಸ್ತಾವನೆಯ ಪ್ರಸ್ತುತತೆಯನ್ನು ಮರುಪರಿಶೀಲಿಸುವುದು.’

ಮರುಪರಿಶೀಲಿಸಲು ಕೂತವನಿಗೆ ಅಜ್ಜಿ ಹೋದ ಸುದ್ದಿ ಬಂತು. 1933ರ ಕೋಡಿಯನ್ನು ಆರೇಳು ವರ್ಷದ ಹುಡುಗಿಯಾಗಿ ನೋಡಿದವಳು. ನನ್ನ ಪಟ್ಟಿಯಲ್ಲಿ ಮೊದಲ ಹೆಸರು. ಎರಡನೆಯ ಹೆಸರಿನವರು ಅದಕ್ಕೂ ಮುಂಚೆಯೇ ಹೋಗಿದ್ದರು. ಮೂರನೆಯವರಿಗೆ ಮಕ್ಕಳ ಗುರುತೇ ಹತ್ತುತ್ತಿರಲಿಲ್ಲ. ಅಪಾಯದಿಂದ ಅವರನ್ನೆಲ್ಲ ಕಾಪಾಡಲು ಎಷ್ಟು ಜನ ಎಷ್ಟು ಸಭೆ ಸೇರಿದ್ದರು! ಒಬ್ಬರಾದರೂ ಕ್ಯಾಲೆಂಡರ್ ನೋಡಿರಲಿಲ್ಲ. ನನಗೆ ಆ ದಿನ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಆಮೇಲೆ ಮಂಜೂರಾತಿ ಬಂತು. ಮಾರ್ಚ್ 31ರೊಳಗೆ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಕೊಡತಕ್ಕದ್ದು. ಭಾಗೀದಾರರೇ ಇಲ್ಲವೆಂದು ಬರೆದು ಹಿಂದಿರುಗಿಸಿದೆ. ಹಿಂದಿರುಗಿಸಲೂ ಒಂದು ನಮೂನೆ ಇದೆ.

ಒಂದು ಗುಟ್ಟಿದೆ. ಈ ಅರ್ಜಿಯ ಯೋಚನೆಯೇ ಹುಟ್ಟುವ ಮೊದಲು ಆ ಅಜ್ಜಿಯ ಜಗಲಿಯಲ್ಲಿ ಸುಮ್ಮನೆ ಹರಟುತ್ತಾ ಕೂತಿದ್ದಾಗ ಫೋನಿನಲ್ಲಿ ಅವಳ ಮಾತು ಹಿಡಿದಿದ್ದೆ. ಅನುಮೋದನೆಗೆ ಮುಂಚೆ ಸಂಗ್ರಹಿಸಿದ ದತ್ತಾಂಶ ಸಂಶೋಧನೆಗೆ ಬಾರದು, ಹಿಂದಿನ ದಿನಾಂಕಕ್ಕೆ ಅನುಮೋದನೆ ಕೊಡುವ ಪದ್ಧತಿಯೂ ಇಲ್ಲ. ಲಲಿತ ಪ್ರಬಂಧಕ್ಕೆ ಇನ್ನೂ ನೈತಿಕ ಸಮಿತಿ ನೇಮಕವಾಗಿಲ್ಲ. ಹಾಗಾಗಿ ಅವಳ ಹೆಸರು, ಊರು ಬಿಟ್ಟು ಇಲ್ಲಿ ಹಾಕುತ್ತಿದ್ದೇನೆ.

‘ಕೋಡಿನಾ? ನೋಡ್ದೆ ಕಣಪ್ಪ. ಗಾಡಿ ಕಟ್ಕೊಂಡು ಹೋಗಿದ್ವಿ. ಜನಾನೋ ಜನ. ನಮ್ಮಪ್ಪ ನನ್ನ ಹೆಗಲ ಮ್ಯಾಲೆ ಕೂರಿಸ್ಕೊಂಡ. ಮುಂದೆ ಇನ್ಯಾರೋ ಅವರ ಮಗೀನ ಹೆಗಲ ಮ್ಯಾಲೆ ಕೂರಿಸ್ಕೊಂಡಿದ್ರು. ಆ ಮಗೀನ ಜುಟ್ಟು ನೋಡ್ದೆ. ಬಾಳ ಹೊತ್ತು ನೋಡ್ದೆ.’

‘ನೀರು, ಅಜ್ಜಿ?’

‘ನೀರು ಸದ್ದು ಮಾಡ್ತಿತ್ತು. ಕಂಡಿದ್ದು ಜುಟ್ಟೇ. ಎಲ್ರೂ ಕೇಳ್ತಾರೆ ಅಂತ ನೀರೇ ನೋಡ್ದೆ ಅಂತ ಹೇಳ್ಕೊಂಡ್ ಬಂದಿದೀನಿ.’

ಇಷ್ಟು ಹೇಳಿ, ನಾನು ಕೊಟ್ಟ ಅಡಿಕೆಯನ್ನು ಕುಟ್ಟಾಣಿಗೆ ಹಾಕಿ ಕುಟ್ಟಿದ್ದು ರೆಕಾರ್ಡಿನಲ್ಲಿ ಕೇಳುತ್ತದೆ. ಅದು ನುರಿಯಲಿಲ್ಲ.

‘ಎಲ್ಲಿಂದ ತಂದ್ಯೋ ಮೇಷ್ಟ್ರೇ ಈ ಕಲ್ಲನ್ನ? ಮುಂದಿನ ಸಲ ಅಡಿಕೆ ತರಬ್ಯಾಡ, ಕಾಸು ಕೊಡು. ನಾನೇ ತರಿಸ್ಕೊಂತೀನಿ.’